ಗೊತ್ತಿರುವವರು ಕೂರುವ ಸ್ಟೂಲು

ಜೈಬುನ್ನಿಸಾ ಮೇಡಂ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಗೊತ್ತಿಲ್ಲದವರಿಗೆ ಕುರ್ಚಿ, ಗೊತ್ತಿರುವವರಿಗೆ ಸ್ಟೂಲು. ಆ ಸ್ಟೂಲಿನ ನಾಲ್ಕು ಕಾಲುಗಳಲ್ಲಿ ಒಂದು ಗಿಡ್ಡ. ಅದರ ಮೇಲೆ ಕೂತವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿರಬೇಕು, ಬಾಯಿ ಬಿಡಬಾರದು. ಮೊದಮೊದಲು ಕೆಮ್ಮಬಹುದಿತ್ತು. ಕೆಮ್ಮಿನಲ್ಲೂ ಸುಳಿವು ಕೊಡುತ್ತಾರೆಂದು ಅನುಮಾನ ಬಂದ ಮೇಲೆ ಅದಕ್ಕೂ ತಡೆಯಾಯಿತು. ನಾನು ಎಷ್ಟು ಭಾನುವಾರ ಅಲ್ಲಿ ಕೂತಿದ್ದೆನೋ ನೆನಪಿಲ್ಲ, ಬೆನ್ನಿಗೆ ನೆನಪಿದೆ.

ತುಮಕೂರಿನ ಶಿರಾ ಗೇಟಿನಲ್ಲಿ, ಟೈಲರ್ ಅನ್ವರನ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಅವರ ಇನ್‌ಸ್ಟಿಟ್ಯೂಟ್. ಕೆಳಗೆ ಲಾರಿ ಹೋದರೆ ಮೇಲೆ ಇದ್ದ ಟೈಪ್‌ರೈಟರುಗಳೆಲ್ಲ ಒಟ್ಟಿಗೆ ನಡುಗುತ್ತಿದ್ದವು. ಹುಡುಗರು ಮೇಡಂ ಮೆಟ್ಟಿಲು ಹತ್ತುವ ಸದ್ದಿಗೆ ನಡುಗುತ್ತಿದ್ದರು. ಅವರು ಐದಡಿಗಿಂತ ಕಡಿಮೆ ಇದ್ದರು. ಬಂದೊಡನೆ ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಕಿವಿಗೊಂದು ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡರೆಂದರೆ ಕೋರ್ಟು ಶುರುವಾಯಿತು ಎಂದರ್ಥ. ಜಿಲ್ಲೆಯ ಕಚೇರಿಗಳಲ್ಲಿ ಟೈಪು ಕುಟ್ಟುವ ಗುಮಾಸ್ತರಲ್ಲಿ ಅರ್ಧ ಜನ ಅವರ ಹತ್ತಿರ ಬೈಸಿಕೊಂಡವರೇ.

ಅವರ ಮೊದಲ ಪಾಠ, ಕೊನೆಯ ಪಾಠ ಎರಡೂ ಒಂದೇ. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಯ ಮೇಲೆ. ಕಲಿಯುವವರ ಕೈ ಮೇಲೆ ಒಂದು ಮರದ ಮುಚ್ಚಳ ಇಟ್ಟುಬಿಡುತ್ತಿದ್ದರು. ಆದರೂ ಯಾರಾದರೂ ತಲೆ ಎತ್ತಿ ಮಿಷನ್ ಕಡೆ ನೋಡಿದರೆ, "ಅದರ ಮುಖ ಯಾಕೆ ನೋಡ್ತೀಯಾ? ಅದೇನು ನಿನ್ನ ನೋಡೋಕೆ ಬಂದಿರೋ ಗಂಡಾ?" ಎನ್ನುತ್ತಿದ್ದರು. ಗಂಡುಹುಡುಗರಿಗೂ ಅದೇ ಮಾತು.

ಮೇಡಂ ಬಗ್ಗೆ ಹೊಗಳಿಕೆಯೇ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಜಂಬ ಅವರಿಗೆ ಮೈಯೆಲ್ಲ ಇತ್ತು. ಮನುಷ್ಯ ಕಂಡುಹಿಡಿದ ಕೊನೆಯ ಒಳ್ಳೆಯ ಯಂತ್ರ ಟೈಪ್‌ರೈಟರು, ಆಮೇಲಿನದೆಲ್ಲ ಷೋಕಿ ಎಂಬುದು ಅವರ ಗಟ್ಟಿ ನಂಬಿಕೆ. ಕಾಲ ಬದಲಾಗಿ ಕಂಪ್ಯೂಟರು ತಂದರೂ ಅದನ್ನು ಮಾತಾಡಿಸುತ್ತಿದ್ದುದು ಪಕ್ಕಕ್ಕೊಂದು ಏಟು ಕೊಟ್ಟೇ. ಮೌಸ್ ಮುಟ್ಟುತ್ತಿರಲಿಲ್ಲ. ಕೀಲಿಯ ಮೇಲಿಟ್ಟ ಕೈಯನ್ನು ಎತ್ತಿ ಬೇರೆ ಕಡೆ ಇಡುವುದು ಅವರ ಪ್ರಕಾರ ಸಂಸ್ಕಾರವಿಲ್ಲದವರ ಲಕ್ಷಣ.

ಇನ್ನು ನಾವು. ನಾನು ಆಗ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಟೆಕ್ನಿಶಿಯನ್ ಆಗಿದ್ದೆ. ಭಾನುವಾರ ಬಂತೆಂದರೆ ಗುರುಮೂರ್ತಿ ಎಂಬ ಕಾಲೇಜು ಲೆಕ್ಚರರ್ ಮನೆಯಲ್ಲಿ ಐದಾರು ಜನ ಸೇರುತ್ತಿದ್ದೆವು. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾದ, ಒಳಗಿನ ಕೋಡನ್ನು ಬಿಚ್ಚಿ ನೋಡಬಹುದಾದ, ಕಾಸಿಲ್ಲದೆ ಸಿಗುವ ಲಿನಕ್ಸ್ ಎಂಬ ಸಾಫ್ಟ್‌ವೇರಿನ ಭಕ್ತಮಂಡಳಿ ಅದು. ಜ್ಞಾನ ಎಲ್ಲರ ಸ್ವತ್ತು ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆವು. ಯಾರಾದರೂ ಪಾಪದವರು ಅದನ್ನು ನಂಬಿ ಸಿ.ಡಿ. ಒಯ್ದು, ಹಾಕಲು ಬಾರದೆ ವಾಪಸ್ಸು ಬಂದರೆ ಒಂದು ವಾರ ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಬಂದವರಿಗೆ ಗುರುಮೂರ್ತಿ ಕೊಡುತ್ತಿದ್ದ ಉತ್ತರ ಒಂದೇ: "ಮ್ಯಾನ್ಯುಯಲ್ ಓದಿ." ನಾನು ಮೊದಲ ಸಲ ಹಾಕಿಕೊಳ್ಳಲು ಹದಿನೇಳು ದಿನ ಒದ್ದಾಡಿದ್ದೆ. ಆ ಹದಿನೇಳು ದಿನವನ್ನು ಪದವಿಯಂತೆ ಹೇಳಿಕೊಂಡು ತಿರುಗುತ್ತಿದ್ದೆ. ಇನ್ನೊಬ್ಬನು ಒಂದು ಗಂಟೆಯಲ್ಲಿ ಹಾಕಿಬಿಟ್ಟರೆ ನನ್ನ ಪದವಿಯ ಗತಿಯೇನು?

ಎರಡು ಸಾವಿರದ ಮೂರರ ಸುಮಾರಿಗೆ ಮೇಡಂ ನಮ್ಮನ್ನು ಹುಡುಕಿಕೊಂಡು ಬಂದರು. ತುಮಕೂರಿನಲ್ಲಿ ಹತ್ತು, ಗುಬ್ಬಿ ಮತ್ತು ಕುಣಿಗಲ್ ಶಾಖೆಗಳಲ್ಲಿ ನಾಲ್ಕು ನಾಲ್ಕು ಹಳೆಯ ಕಂಪ್ಯೂಟರ್ ಕೊಂಡಿದ್ದರು. ಎಲ್ಲದರಲ್ಲೂ ಇದ್ದದ್ದು ನಕಲು ಹೊಡೆದ ವಿಂಡೋಸ್. ಲೈಸೆನ್ಸ್ ಇಲ್ಲದ ಸಾಫ್ಟ್‌ವೇರ್ ಇಟ್ಟುಕೊಂಡ ಇನ್‌ಸ್ಟಿಟ್ಯೂಟುಗಳನ್ನು ತಪಾಸಣೆ ಮಾಡುತ್ತಾರಂತೆ, ಸಿಕ್ಕರೆ ಬಾಗಿಲು ಹಾಕಿಸುತ್ತಾರಂತೆ ಎಂದು ಆ ವರ್ಷ ಸುದ್ದಿ ಹಬ್ಬಿತ್ತು. ಮುಚ್ಚಿದರೆ ತುಮಕೂರಿನ ಹುಡುಗರು ಇನ್ನೊಂದು ಕಡೆ ಹೋಗುತ್ತಾರೆ. ಆದರೆ ಗುಬ್ಬಿ, ಕುಣಿಗಲ್‌ನಲ್ಲಿ ಕಲಿಯುತ್ತಿದ್ದವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಶಾಖೆ ಮುಚ್ಚಿದರೆ ಅವರನ್ನು ಬಸ್ಸು ಹತ್ತಿಸಿ ತುಮಕೂರಿಗೆ ಕಳಿಸುವ ಮನೆಗಳಲ್ಲ ಅವು. ಆ ಎರಡು ಶಾಖೆ ಉಳಿಯಬೇಕು ಎಂಬುದೊಂದೇ ಮೇಡಂಗಿದ್ದ ಚಿಂತೆ.

ನಾನು ಒಂದೇ ಭಾನುವಾರ ತುಮಕೂರಿನ ಹತ್ತಕ್ಕೂ ಲಿನಕ್ಸ್ ಹಾಕಿ, ಹೊಗಳಿಕೆಗಾಗಿ ಕೈಕಟ್ಟಿ ನಿಂತೆ.

"ಕೆಟ್ರೆ ಏನಪ್ಪಾ ಮಾಡೋದು?" ಎಂದರು.

"ಒಂದು ಫೋನ್ ಮಾಡಿ ಮೇಡಂ, ಬರ್ತೀನಿ."

"ಗುಬ್ಬೀಲಿ ಕೆಟ್ರೆ?"

"ಅಲ್ಲಿಗೂ ಬರ್ತೀನಿ."

"ಕುಣಿಗಲ್‌ನಲ್ಲಿ?"

"ಭಾನುವಾರ ಆದ್ರೆ..."

"ಸೋಮವಾರ ಕೆಟ್ರೆ ಭಾನುವಾರದ ಗಂಟ ಹುಡುಗೀರು ಬಾಯಿ ಬಾಯಿ ನೋಡ್ಕೊಂಡು ಕೂತಿರ್ಬೇಕಾ? ನೀನು ಸತ್ತೋದ್ರೆ ಏನು ಮಾಡ್ಲಿ?"

ನನಗೆ ಆಗ ಇಪ್ಪತ್ತಾರು ವರ್ಷ. ಸಾಯುವ ವಿಚಾರ ಇನ್ನೂ ಮಾಡಿರಲಿಲ್ಲ.

"ಅಲ್ಲ ಕಣೋ ಪ್ರಕಾಶ, ಬೇಜಾರು ಮಾಡ್ಕೋಬೇಡ. ಕುಣಿಗಲ್‌ನಲ್ಲಿ ನಮ್ಮ ಮಂಜುಳ ಒಬ್ಳೇ ಕೂತ್ಕೊಂಡು ಹಾಕ್ಬೇಕು. ಯಾರನ್ನೂ ಕೇಳ್ದಂಗೆ. ಅಂಥದ್ದೊಂದು ಕಾಗದ ಬರ್ಕೊಡು, ಕನ್ನಡದಲ್ಲಿ."

ಮಂಜುಳ ಕುಣಿಗಲ್ ಶಾಖೆಯ ಟೀಚರು. ಮೇಡಂ ಹತ್ತಿರವೇ ಕಲಿತು, ಅವರ ಕೈಕೆಳಗೇ ಹನ್ನೆರಡು ವರ್ಷ ಕಳೆದವಳು. ಆ ಕೆಲಸದಿಂದಲೇ ಅವಳ ಮನೆ ನಡೆಯುತ್ತಿತ್ತು.

ನಾನು ಹದಿನೆಂಟು ಪುಟ ಬರೆದೆ. ಗುರುಮೂರ್ತಿ ಅದಕ್ಕೆ ನಾಲ್ಕು ಪುಟದ ಮುನ್ನುಡಿ ಬರೆದ, ಮನುಷ್ಯಕುಲದ ಸ್ವಾತಂತ್ರ್ಯದ ಬಗ್ಗೆ. ಮೇಡಂ ಮುನ್ನುಡಿಯನ್ನು ಓದದೆ ಹರಿದು, ಹಿಂಬದಿ ಖಾಲಿ ಇತ್ತೆಂದು ಜೂನಿಯರ್ ಬ್ಯಾಚಿಗೆ ಅಭ್ಯಾಸಕ್ಕೆ ಕೊಟ್ಟರು. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಳಗಿನ ಅನ್ವರನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಅನ್ವರ್ ಏಳನೇ ಕ್ಲಾಸು, ಕನ್ನಡ ಚೆನ್ನಾಗಿ ಓದುತ್ತಿದ್ದ, ಕಂಪ್ಯೂಟರನ್ನು ಮುಟ್ಟಿದವನಲ್ಲ.

ನಿಯಮ ಇಷ್ಟು. ಅವನು ಕಾಗದ ಗಟ್ಟಿಯಾಗಿ ಓದಬೇಕು, ಬರೆದಂತೆ ಮಾಡಬೇಕು. ಎಲ್ಲಿ ಕೈ ನಿಂತಿತೋ ಅಲ್ಲಿ ಮೇಡಂ ಕಾಗದದ ಮೇಲೆ ಕೆಂಪು ಗೀಟು ಹಾಕುತ್ತಾರೆ. ತಪ್ಪು ಕಾಗದದ್ದು, ಓದಿದವನದ್ದಲ್ಲ.

ಮೊದಲ ಸಾಲು: ಸಿ.ಡಿ. ಒಳಗಿಟ್ಟು ಕಂಪ್ಯೂಟರ್ ಆನ್ ಮಾಡಿ. ಅನ್ವರ್ ಗುಂಡಿ ಒತ್ತಿದ, ಮತ್ತೆ ಒತ್ತಿದ, ಆಮೇಲೆ ಉಗುರು ಹಾಕಿ ಎಳೆದ. "ಸಾರ್, ಇದು ಬಾಯಿ ತೆಗೀತಿಲ್ಲ."

ಕರೆಂಟು ಹರಿಯದೆ ಆ ತಟ್ಟೆ ಹೊರಗೆ ಬರುವುದಿಲ್ಲ. ಮೊದಲು ಆನ್ ಮಾಡಿ, ಆಮೇಲೆ ಬೇಗ ಸಿ.ಡಿ. ಇಡಬೇಕು. ನಾನು ನೂರಾರು ಸಲ ಹಾಗೇ ಮಾಡಿದವನು, ಬರೆಯುವಾಗ ತಿರುಗಾಮುರುಗಾ ಬರೆದಿದ್ದೆ. ನನ್ನ ಕೈಗಳು ತೊಡೆಯ ಕೆಳಗೆ ಬೆವರಿದವು. ಮೇಡಂ ಒಂದು ಗೀಟು ಹಾಕಿದರು.

ಎಂಟನೇ ಪುಟದಲ್ಲಿ ಪಾಸ್‌ವರ್ಡ್ ಕೊಡಿ ಎಂದಿತ್ತು. ಅನ್ವರ್ ಒತ್ತಿದ. ಪರದೆಯ ಮೇಲೆ ಏನೂ ಮೂಡಲಿಲ್ಲ. ಕೀಲಿ ಕೆಟ್ಟಿದೆಯೆಂದು ಇನ್ನೂ ಜೋರಾಗಿ ಕುಟ್ಟಿದ. ಆಮೇಲೆ ಮಾನವಂತನಾದ ಅವನು ಕೈ ಹಿಂದಕ್ಕೆ ತೆಗೆದುಕೊಂಡು, "ನಂದೇ ತಪ್ಪೇನೋ, ನಮಗೆಲ್ಲ ಆಗಲ್ಲ ಬುಡಿ ಸಾರ್" ಅಂದ. ಒತ್ತಿದ್ದು ಕಾಣಬಾರದೆಂದೇ ಹಾಗಿದೆ ಎಂದು ನಾನು ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದಲ್ಲ! ಎಲ್ಲರೂ ಅಂದರೆ ಗುರುಮೂರ್ತಿ ಮನೆಯ ಐದಾರು ಜನ.

ಅವತ್ತು ನಲವತ್ತೊಂದು ಗೀಟು. ಅದರಲ್ಲಿ ಆರು, 'ಸುಲಭವಾಗಿ' ಎಂಬ ಪದಕ್ಕೆ. ಅದರಲ್ಲೇನು ತಪ್ಪು ಮೇಡಂ ಎಂದು ಕೇಳಿದೆ.

"ಸುಲಭವಾಗಿ ಒತ್ತಿ ಅಂತ ಬರ್ದಿದೀಯ. ಅವನಿಗೆ ಬರ್ಲಿಲ್ಲ ಅಂದ್ರೆ, ಸುಲಭದ್ದೂ ಬರದೇ ಇರೋ ದಡ್ಡ ನಾನು ಅಂತ ಎದ್ದು ಹೋಗ್ತಾನೆ. ಸುಲಭಾನೋ ಕಷ್ಟಾನೋ ಅಂತ ಮಾಡಿದೋನು ಹೇಳ್ಬೇಕು. ನೀನು ಯಾರು ಹೇಳೋಕೆ?"

ಮುಂದಿನ ವಾರ ಗುರುಮೂರ್ತಿಯೇ ತನಿಖೆಗೆ ಬಂದ. ಆ ದಿನ ಕುರ್ಚಿಯಲ್ಲಿ ಕೂತಿದ್ದವರು ಶಿರಾ ಬಸ್ಸು ಕಾಯುತ್ತಿದ್ದ ಒಬ್ಬ ಹೆಂಗಸು. "ಓದೋಕೆ ಬರತ್ತೇನಮ್ಮಾ? ಬಾ, ಟೀ ಕುಡಿ" ಎಂದು ಮೇಡಂ ರಸ್ತೆಯಿಂದ ಹಿಡಿದು ತಂದವರು. ಆಕೆ ಮೂರನೇ ಸಾಲಿನಲ್ಲಿ ನಿಂತದ್ದೇ ತಡ, ಗುರುಮೂರ್ತಿ ಗಡ್ಡ ಕೆರೆದುಕೊಂಡು, "ಮೇಡಂ, ಇದಕ್ಕೆಲ್ಲ ಒಂದು ಯೋಗ್ಯತೆ ಬೇಕಾಗತ್ತೆ. ಕುಣಿಯೋಕೆ ಬರದೋರು ನೆಲ ಡೊಂಕು ಅಂದಂಗಾಯ್ತು" ಎಂದ.

"ಸಾರ್, ನೀವು ನೆಲ ಮಟ್ಟ ಹಿಡಿದು ನೋಡಿದೀರಾ?" ಎಂದರು ಮೇಡಂ. "ನೋಡ್ದೇನೆ ಹೆಂಗೆ ಕುಣಿಯೋರ ಮೇಲೆ ಹಾಕ್ತೀರಾ? ಈ ಶರ್ಟು ಕೆಳಗಡೆ ಅನ್ವರ್ ಹತ್ರ ಹೊಲಿಸಿದ್ದಲ್ವಾ? ನೀವು ಬಟ್ಟೆ ತಂದಾಗ ಅವನು ಕತ್ತರಿ ಕೈಗೆ ಕೊಟ್ಟು, ಯೋಗ್ಯತೆ ಇದ್ರೆ ಹೊಲ್ಕೊಳ್ಳಿ ಅಂದಿದ್ನಾ?"

ಗುರುಮೂರ್ತಿ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಲಿನಕ್ಸಿಗೆ ದಕ್ಷಿಣ ಭಾರತದಲ್ಲಿ ಭವಿಷ್ಯವಿಲ್ಲ ಎಂದು ಹೇಳಿಕೊಂಡು ತಿರುಗಿದ ಎಂದು ಕೇಳಿದೆ.

ವಾರದಿಂದ ವಾರಕ್ಕೆ ಹದಿನೆಂಟು ಪುಟ ಹನ್ನೊಂದಾಯಿತು, ಆರಾಯಿತು. ಒಂದೇ ಕಡೆ ನಾನು ಸೋತುಹೋದೆ. ಕಂಪ್ಯೂಟರಿನ ಡಿಸ್ಕಿನಲ್ಲಿ ಹಳೆಯದಕ್ಕೊಂದು, ಹೊಸದಕ್ಕೊಂದು ಜಾಗ ಭಾಗ ಮಾಡಿಕೊಳ್ಳುವ ಹಂತ ಅದು. ಹೊಲಕ್ಕೆ ಬದು ಹಾಕಿದಂತೆ ಎಂದು ಬರೆದೆ, ಗೀಟು ಬಿತ್ತು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಂತೆ ಎಂದು ಬರೆದೆ. ಆ ವಾರ ಕುರ್ಚಿಯಲ್ಲಿ ಕೂತ ಹೋಟೆಲಿನವನಿಗೆ ತನ್ನ ಮನೆಯ ಜಗಳ ನೆನಪಾಗಿ ಅರ್ಧ ಗಂಟೆ ಅದನ್ನೇ ಹೇಳಿದ. ನನಗೂ ಸಾಕಾಗಿತ್ತು. ಆ ಭಾಗವನ್ನೇ ಕಿತ್ತುಹಾಕಿ, 'ಇಲ್ಲಿಂದ ಹನ್ನೆರಡು ಸಲ ಎಂಟರ್ ಒತ್ತಿ' ಎಂದು ಒಂದು ಸಾಲು ಬರೆದೆ. ಆ ದಾರಿಯಲ್ಲಿ ಹೋದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆಂದು ನನಗೆ ಗೊತ್ತಿತ್ತು. ಆದರೆ ನಾವು ಪರೀಕ್ಷೆ ಮಾಡುತ್ತಿದ್ದ ಮಿಷನ್ನಿನಲ್ಲಿ ಅಳಿಸಲು ಏನೂ ಇರಲಿಲ್ಲ. ಅನ್ವರ್ ಒಂದು ಗೀಟೂ ಇಲ್ಲದೆ ದಾಟಿದ. ಮೇಡಂ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು. ನಾನು ಸುಮ್ಮನೆ ಕುಡಿದೆ.

ಕಾಗದವನ್ನೂ ಸಿ.ಡಿ.ಯನ್ನೂ ಕವರಿಗೆ ಹಾಕಿ, ಗುಬ್ಬಿ ಬಸ್ಸಿನ ಕಂಡಕ್ಟರಿಗೊಂದು, ಕುಣಿಗಲ್ ಬಸ್ಸಿನ ಕಂಡಕ್ಟರಿಗೊಂದು ಕೊಟ್ಟು ಕಳಿಸಿದೆವು. ಗುಬ್ಬಿಯ ಮಿಷನ್‌ಗಳಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ, ಸಲೀಸಾಗಿ ಮುಗಿಯಿತು. ಕುಣಿಗಲ್‌ನಲ್ಲಿ ಮಂಜುಳ ಟೈಪಿಂಗ್ ಪರೀಕ್ಷೆಗೆ ಕಟ್ಟುವ ಅರವತ್ತೆರಡು ಜನರ ಅರ್ಜಿಗಳನ್ನು ತಯಾರು ಮಾಡಿ ಮೊದಲ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಪ್ರಿಂಟ್ ತೆಗೆದು ಕಳಿಸುವುದಷ್ಟೇ ಬಾಕಿ. ಕೊನೆಯ ದಿನಕ್ಕೆ ಐದು ದಿನ ಇತ್ತು. ತಪಾಸಣೆಯ ಭಯಕ್ಕೆ ಅವಳು ಮೊದಲು ಲಿನಕ್ಸ್ ಹಾಕಿಬಿಡೋಣವೆಂದು ಕೂತಳು.

ಆ ಹನ್ನೆರಡು ಎಂಟರುಗಳ ನಡುವೆ ಒಂದು ಕಡೆ, ಎಲ್ಲ ಅಳಿಸಿಹೋಗುತ್ತದೆ, ಖಂಡಿತವಾ ಎಂದು ಪರದೆ ಕೇಳುತ್ತದೆ. ಇಂಗ್ಲಿಷಿನಲ್ಲಿ, ನಿಜ. ಆದರೆ ಮಂಜುಳಳಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಅವಳು ಅದನ್ನು ನೋಡಲೇ ಇಲ್ಲ. ಹನ್ನೆರಡು ವರ್ಷದ ಅಭ್ಯಾಸ. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಯ ಮೇಲೆ. ಬೆನ್ನು ನೆಟ್ಟಗಿಟ್ಟು, ಒಂದೇ ಲಯದಲ್ಲಿ, ಲೆಕ್ಕ ತಪ್ಪದೆ ಹನ್ನೆರಡು ಸಲ ಒತ್ತಿದಳು.

ಎಸ್.ಟಿ.ಡಿ. ಬೂತಿನಿಂದ ಅಳುತ್ತಾ ಇನ್‌ಸ್ಟಿಟ್ಯೂಟಿಗೆ ಫೋನ್ ಮಾಡಿದಳು, ಎತ್ತಿದವನು ನಾನು. ನಾನೇನು ಹೇಳಿದೆ ಗೊತ್ತೇ? "ಸ್ಕ್ರೀನ್ ನೋಡ್ಬೇಕಿತ್ತಲ್ವಾ ಮಂಜುಳ? ಅಷ್ಟು ದೊಡ್ಡದಾಗಿ ಬಂದಿರತ್ತಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾರನೆಯ ಬೆಳಗಿನ ಮೊದಲ ಬಸ್ಸಿಗೆ ಮೇಡಂ ನನ್ನನ್ನು ಕುಣಿಗಲ್‌ಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಶಾಖೆಯ ಮುಂದೆ ಹುಡುಗಿಯರೂ ಅವರ ಅಪ್ಪಂದಿರೂ ನೆರೆದಿದ್ದರು. ಮಂಜುಳ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪಂದಿರಲ್ಲೊಬ್ಬ ಮುಂದೆ ಬಂದು, "ಮೇಡಮ್ಮೋರೇ, ಮಕ್ಕಳ ವರ್ಷ ಹಾಳು ಮಾಡ್ಬುಟ್ಲು. ಮೊದ್ಲು ಇವ್ಳನ್ನ ತೆಗ್ದಾಕಿ" ಎಂದ. ಉಳಿದವರೂ ಹೌದೆಂದರು.

ಮೇಡಂ ಬುರ್ಖಾ ಕೂಡ ತೆಗೆಯಲಿಲ್ಲ. ಮೇಜಿನ ಮೇಲಿದ್ದ ನನ್ನ ಕಾಗದ ಎತ್ತಿಕೊಂಡು, ಆ ಹನ್ನೆರಡರ ಸಾಲಿಗೆ ಗೀಟು ಹಾಕಿ ನನ್ನ ಕೈಗೆ ಕೊಟ್ಟರು. "ಹೇಳಪ್ಪ. ಅಳಿಸೋಗತ್ತೆ ಅಂತ ನಿಂಗೆ ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು."

"ಬರ್ದಿದ್ಯಾ?"

"ಇಲ್ಲ. ತಪ್ಪು ನಂದು. ಮಂಜುಳಂದಲ್ಲ," ಎಂದೆ. ಅಷ್ಟು ಜನರ ಮುಂದೆ, ಅಷ್ಟು ಚಿಕ್ಕ ವಾಕ್ಯ ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಹೊರಗೆ ಬಂದು ನಿಂತ ಬಸ್ಸು ಜನ ಹತ್ತಿಸಿಕೊಂಡು ಹೊರಟೇಹೋಯಿತು.

ಆಮೇಲೆ ಮೇಡಂ ಅಪ್ಪಂದಿರ ಕಡೆ ತಿರುಗಿದರು. "ಇನ್ನೊಂದು ತಪ್ಪೈತೆ. ಅದು ನಂದು. ಮಿಷನ್ ಮುಖ ನೋಡ್ಬೇಡ ಅಂತ ಹನ್ನೆರಡು ವರ್ಷ ಇವಳ ಕೈ ಮೇಲೆ ಹೊಡ್ದು ಹೇಳ್ಕೊಟ್ಟೋಳು ನಾನು. ಇವಳು ನೋಡ್ಲಿಲ್ಲ. ಹೇಳ್ಕೊಟ್ಟಂಗೇ ಮಾಡಿದ್ಲು. ತೆಗ್ದಾಕೋದಾದ್ರೆ ನನ್ನ ತೆಗ್ದಾಕಿ."

ಜಂಬದ ಆ ಹೆಂಗಸಿನ ಬಾಯಲ್ಲಿ ತಪ್ಪು ನಂದು ಎಂಬ ಮಾತು ಕೇಳಿದ್ದು ನಾನು ಅದೊಂದೇ ಸಲ. ಮಂಜುಳ ಆಗ ಜೋರಾಗಿ ಅತ್ತಳು. ಮೇಡಂ ಅವಳಿಗೂ ಬೈದರು, "ಅಳೋದು ಆಮೇಲೆ, ಮೊದ್ಲು ರಿಬ್ಬನ್ ಹಾಕೇ."

ಅಟ್ಟದಿಂದ ಮೂರು ಟೈಪ್‌ರೈಟರ್ ಇಳಿಯಿತು. ಮೇಡಂ, ಮಂಜುಳ, ಒಬ್ಬಳು ಸೀನಿಯರ್ ಹುಡುಗಿ ಮೂರು ದಿನ ಕುಟ್ಟಿದರು. ಮನೆಮನೆಯಿಂದ ಮತ್ತೆ ಅಂಕಪಟ್ಟಿ, ಫೋಟೋ ತರಿಸಿದ್ದಾಯಿತು. ಜ್ಞಾನ ಎಲ್ಲರ ಸ್ವತ್ತು ಎನ್ನುತ್ತಿದ್ದ ತಂತ್ರಜ್ಞನಿಗೆ ಎರಡೇ ಬೆರಳಲ್ಲಿ ಟೈಪು ಬರುತ್ತಿದ್ದುದರಿಂದ ಫೋಟೋಗಳಿಗೆ ಗೋಂದು ಹಚ್ಚುವ ಕೆಲಸ ಕೊಟ್ಟರು. ಒಂದು ಹುಡುಗಿ ಮಾತ್ರ ಸಿಗಲಿಲ್ಲ. ನಿಟ್ಟೂರಿನ ಅಕ್ಕನ ಮನೆಗೆ ಹೋಗಿದ್ದಾಳೆಂದರು. ಅಲ್ಲಿಗೆ ಯಾರದೋ ಗಾಡಿ ಓಡಿಸಿಕೊಂಡು ಹೋದೆ, ಅಲ್ಲಿಂದಲೂ ಮುಂದೆ ಹೋಗಿದ್ದಳು. ಅರವತ್ತೊಂದು ಅರ್ಜಿ ಹೋಯಿತು. ಆ ಹುಡುಗಿ ಮುಂದಿನ ಪರೀಕ್ಷೆಗೆ ಕಟ್ಟಲೇ ಇಲ್ಲ, ಅಷ್ಟರಲ್ಲಿ ಮದುವೆ ಮಾಡಿಬಿಟ್ಟಿದ್ದರು. ಅರವತ್ತೊಂದು ಹೋಯಿತಲ್ಲ ಎಂದು ನಾನೊಮ್ಮೆ ಅಂದದ್ದಕ್ಕೆ ಮೇಡಂ, "ಹೋಗಿದ್ದು ಎಣಿಸ್ಬೇಡ, ಹೋಗ್ದೇ ಇರೋದು ಎಣಿಸು" ಎಂದು ಅಷ್ಟೇ ಹೇಳಿದರು.

ಕೊನೆಗೆ ನಿಂತ ಕಾಗದ ಒಂದೇ ಹಾಳೆ, ಎರಡು ಮಗ್ಗುಲು. ಮೊದಲ ಸಾಲು: ಈ ಮಿಷನ್‌ನಲ್ಲಿ ನಿಮಗೆ ಬೇಕಾದದ್ದು ಏನಾದರೂ ಇದೆಯೇ? ಇದ್ದರೆ ಇಲ್ಲೇ ನಿಲ್ಲಿ. ನಡುವೆ ಒಂದು ಸಾಲನ್ನು ಮೇಡಂ ತಾವೇ ಬರೆದರು: ಈಗ ಕಾಗದದಿಂದ ಕಣ್ಣೆತ್ತಿ ಪರದೆ ನೋಡಿ. ಅದನ್ನು ಬರೆಯುವಾಗ ಅವರ ಮುಖ ಹಾಗಲಕಾಯಿ ತಿಂದವರಂತಿತ್ತು. ತಪಾಸಣೆಯವರು ಬಂದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಎರಡು ಶಾಖೆಗಳೂ ಉಳಿದವು.

ಆಮೇಲೆ ಫ್ಯಾಕ್ಟರಿ ಬಿಟ್ಟು ಹಾಸನದಲ್ಲಿ ಕೆಲಸ ಹಿಡಿದೆ, ಮೊಬೈಲ್ ನಂಬರು ಮಾತ್ರ ಹಳೆಯದೇ ಇತ್ತು. ಗುಬ್ಬಿಯಿಂದಾಗಲಿ ಕುಣಿಗಲ್‌ನಿಂದಾಗಲಿ ಮೂರು ವರ್ಷ ಒಂದು ಫೋನೂ ಬರಲಿಲ್ಲ. ಮೂರು ವರ್ಷ! ನಾನು ಬರೆದ ಕಾಗದದ ಮಹಿಮೆ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಫೋನ್ ಬರಲಿಲ್ಲವೆಂದೇ ನಾನೂ ಹೋಗಿ ನೋಡಲಿಲ್ಲ. ಒಮ್ಮೆ ಬೆಂಗಳೂರಿನಿಂದ ಬರುವಾಗ ಬಸ್ಸು ಕುಣಿಗಲ್‌ನಲ್ಲಿ ಊಟಕ್ಕೆ ನಿಂತಿತು. ಊಟ ಬಿಟ್ಟು ಶಾಖೆಯ ಕಡೆ ಓಡಿದೆ. ಒಬ್ಬ ಹೊಸ ಹುಡುಗಿ ಆ ಹಾಳೆ ಇಟ್ಟುಕೊಂಡು, ಓದುತ್ತಾ, ತಲೆ ಎತ್ತಿ ನೋಡುತ್ತಾ ಲಿನಕ್ಸ್ ಹಾಕುತ್ತಿದ್ದಳು. ನನ್ನನ್ನು ಯಾರು ಬೇಕಿತ್ತು ಎಂದು ಕೇಳಿದಳು. ಒಳಗಿನಿಂದ ಮಂಜುಳ ಬಂದಳು.

"ಮೇಡಂ ಹೆಂಗಿದಾರೆ?" ಎಂದೆ.

"ಮೇಡಂ ಹೋಗಿ ನಾಕು ತಿಂಗಳಾಯ್ತಲ್ಲ ಸಾರ್. ಎದೆನೋವು ಅಂದ್ರು, ಆಸ್ಪತ್ರೆಗೆ ಹೋಗೋಷ್ಟ್ರಲ್ಲಿ..."

ನನಗೆ ಸಿಟ್ಟೇ ಮೊದಲು ಬಂತು. "ಒಂದು ಮಾತು ತಿಳಿಸ್ಬಾರ್ದಿತ್ತಾ ಮಂಜುಳ?"

"ಹುಡುಕಿದೆ ಸಾರ್. ಗುಬ್ಬಿಯೋರೂ ಹುಡುಕಿದ್ರು. ಕಾಗದದಲ್ಲಿ ಇರುತ್ತೆ ಅಂತ ತೆಗ್ದು ಹಿಂದೂ ಮುಂದೂ ನೋಡಿದ್ವಿ. ಅದ್ರಲ್ಲಿ ನಿಮ್ಮ ನಂಬರ್ ಇಲ್ಲ, ಹೆಸ್ರೂ ಇಲ್ಲ."

ಇರಲಿಲ್ಲ. ನಾನು ಕೆಳಗೆ ದಪ್ಪ ಅಕ್ಷರದಲ್ಲಿ ಎರಡನ್ನೂ ಹಾಕಿದ್ದೆ. ಕೊನೆಯ ಸಲ ತಿದ್ದುವಾಗ ಮೇಡಂ ಹೊಡೆದುಹಾಕಿದ್ದರು. "ಇದಿದ್ರೆ ಅವ್ರು ಓದಲ್ಲ, ಫೋನ್ ಮಾಡ್ತಾರೆ. ನೀನೂ ನೆಟ್ಟಗೆ ಬರಿಯಲ್ಲ, ಹೆಂಗೂ ಫೋನ್ ಮಾಡ್ತಾರಲ್ಲ ಅಂತೀಯ." ಅವತ್ತು ಮುನಿಸಿಕೊಂಡು ಟೀ ಕುಡಿಯದೆ ಎದ್ದುಬಂದಿದ್ದೆ.

ಮಂಜುಳ ನನ್ನ ಮುಖ ನೋಡಿ ಸಮಾಧಾನ ಮಾಡಲು ಹೊರಟಳು. "ಇಷ್ಟು ವರ್ಷದಲ್ಲಿ ಯಾರಾದ್ರೂ ಒಂದ್ಸಲ ಮಾಡಿದ್ರೂ ಬರ್ದಿಟ್ಕೊಂಡಿರ್ತಿದ್ವಿ ಸಾರ್. ಬೇಕಾಗ್ಲೇ ಇಲ್ಲ."

ಓಡಿಹೋಗಿ ಬಸ್ಸು ಹತ್ತಿದೆ. ಚನ್ನರಾಯಪಟ್ಟಣದವರೆಗೂ ಅತ್ತೆ.